ಗೋದಲಿಯ ಮಗು

ಹನುಕ್ಕಾ ಹಬ್ಬದ ಮೊದಲ ದೀಪ ಹಚ್ಚುವಾಗ ಆ ಯೆಹೂದಿ ಅತ್ತೆ, ಕ್ರೈಸ್ತ ಸೊಸೆ ಪಕ್ಕದಲ್ಲೇ ಕಟ್ಟಿದ್ದ ಕ್ರಿಸ್‌ಮಸ್ ಗೋದಲಿ ಮಗನ ಮನೆಯಿಂದ ತೊಲಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ಮರುದಿನ ಧೂಳು ಒರೆಸುವ ನೆಪದಲ್ಲಿ ಬಗ್ಗಿ ನೋಡಿದರೆ ತಾಯಿ, ತಂದೆ, ಕುರಿ, ಕುರುಬ ಎಲ್ಲ ಗೊಂಬೆಗಳೂ ಇದ್ದವು. ನಡುವಿನ ಹುಲ್ಲಿನ ಮೇಲೆ ಮಗುವೇ ಇರಲಿಲ್ಲ.

ತನ್ನ ಬೇಡಿಕೆ ಫಲಿಸಿಬಿಟ್ಟಿತೇ ಎಂದುಕೊಂಡಳು. ಅಂದಿನಿಂದ ಊಟ ಸೇರಲಿಲ್ಲ. ಸೋಫಾದಡಿ, ಕಸದ ಬುಟ್ಟಿ, ಎಲ್ಲ ತಡಕಾಡಿದಳು.

"ಏನು ಹುಡುಕ್ತಿದೀರಿ ಅತ್ತೆ?"

"ಕನ್ನಡಕ ಕಣಮ್ಮ."

ಕನ್ನಡಕ ಅವಳ ಮೂಗಿನ ಮೇಲೇ ಇತ್ತು.

ಕ್ರಿಸ್‌ಮಸ್‌ನ ಹಿಂದಿನ ದಿನ ಮಧ್ಯಾಹ್ನ, ಜನ್ಮದಲ್ಲಿ ಮೂರ್ತಿ ಮುಟ್ಟದ ಆ ಕೈ ಚರ್ಚಿನೆದುರಿನ ಅಂಗಡಿಯಲ್ಲಿ ಬೆರಳುದ್ದದ ಮಣ್ಣಿನ ಮಗುವೊಂದನ್ನು ಕೊಂಡಿತು. ಸೆರಗಿನಲ್ಲಿ ಸುತ್ತಿ ತಂದು ಹುಲ್ಲಿನ ಮೇಲೆ ಮಲಗಿಸಿದಳು.

ಸಂಜೆ ಸೊಸೆ ಹತ್ತಿಯ ಪುಟ್ಟ ಗಂಟೊಂದನ್ನು ಹಿಡಿದು ಬಂದವಳು ಗೋದಲಿಯ ಮುಂದೆ ನಿಂತೇಬಿಟ್ಟಳು.

ಅತ್ತೆಗೆ ತಡೆಯಲಾಗಲಿಲ್ಲ. "ತಪ್ಪು ನನ್ನದಮ್ಮ. ಈ ಗೋದಲಿ ತೊಲಗಲಿ ಅಂತ ನಾನೇ ಬೇಡಿಕೊಂಡಿದ್ದೆ. ನಿಮ್ಮ ಮಗು ಕಳೆದೇಹೋಯ್ತು. ಇದು ಅಂಗಡೀದು."

ಸೊಸೆ ಅತ್ತೆಯ ಮುಖವನ್ನೇ ನೋಡುತ್ತ ಗಂಟು ಬಿಚ್ಚಿದಳು. ಒಳಗೆ ಹಳೆಯ ಮಗು ಮಲಗಿತ್ತು.

"ಕಳೆದಿರಲಿಲ್ಲ ಅತ್ತೆ. ಹುಟ್ಟೋದೇ ಇವತ್ತು ರಾತ್ರಿ ಅಲ್ವಾ? ಅಲ್ಲೀವರೆಗೂ ಬೀರುವಿನಲ್ಲಿ ಇಟ್ಟಿರ್ತೀವಿ."