ಕಪ್ಪು ಟೇಪು

ಆಸ್ಪತ್ರೆಯ ಸ್ಕ್ಯಾನುಗಳನ್ನೆಲ್ಲ ಕೂಡಿಡುವ ಸ್ಟೋರೇಜ್ ಯಂತ್ರದ ಮೇಲಿದ್ದ ಕಪ್ಪು ಟೇಪನ್ನು ಇಂಜಿನಿಯರ್ ಉಗುರಿನಿಂದ ಎಬ್ಬಿಸಿದಳು. ಅಡಿಯಲ್ಲಿ ಕೆಂಪು ದೀಪ ಉರಿಯುತ್ತಿತ್ತು. ಯಂತ್ರವನ್ನು ನಡೆಸುವ ಒಂದು ಕಂಟ್ರೋಲರ್ ಕೆಟ್ಟರೆ ಇನ್ನೊಂದು ಭಾರ ಹೊರಲಿ ಎಂದೇ ಅದರಲ್ಲಿ ಎರಡಿದ್ದವು. ಟೇಪಿನಡಿಯದು ಎಂದೋ ಸತ್ತಿತ್ತು. ಇವತ್ತು ಎರಡನೆಯದೂ ಸತ್ತು, ಇಡೀ ಆಸ್ಪತ್ರೆಯ ಸ್ಕ್ಯಾನುಗಳು ಪರದೆಗಳಿಂದ ಮಾಯವಾಗಿದ್ದವು.

"ಇದನ್ನ ಯಾರು ಅಂಟಿಸಿದ್ದು ಸಾರ್?"

"ನಾನೇ ಕಣಮ್ಮ," ಎಂದರು ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು, ಟೈ ಸರಿಮಾಡಿಕೊಳ್ಳುತ್ತ. "ತಪಾಸಣೆಯವರು ಬಂದಿದ್ರು. ಕೆಂಪು ಕಂಡ್ರೆ ಸುಮ್ನೆ ತಲೆ ತಿಂತಾರೆ."

ಬೆಕ್ಕಾದರೂ ಹಾಲು ಕುಡಿಯುವಾಗ ತನ್ನ ಕಣ್ಣನ್ನು ಮುಚ್ಚಿಕೊಳ್ಳುತ್ತದೆ. ಈ ಮಹಾಶಯರು ಯಂತ್ರದ ಕಣ್ಣನ್ನೇ ಮುಚ್ಚಿದ್ದರು. ಅವಳ ಕೈಗೆ ಸಿಕ್ಕಿದ್ದು ಒಂದೇ ಹೊಸ ಕಂಟ್ರೋಲರ್. ಇವತ್ತು ಸತ್ತದ್ದನ್ನು ಎಳೆದು ಆ ಜಾಗದಲ್ಲಿ ಅದನ್ನು ಕೂರಿಸಿದಳು. ಹಸಿರು ದೀಪ ಹತ್ತಿತು. ಸ್ಕ್ಯಾನ್ ಕಾಣಿಸಿತೆಂದು ಆಪರೇಷನ್ ಕೊಠಡಿಯಿಂದ ಫೋನೂ ಬಂತು.

ಮುಖ್ಯಸ್ಥರು ನಿಟ್ಟುಸಿರು ಬಿಟ್ಟು, ಅದೇ ಟೇಪನ್ನು ಎತ್ತಿಕೊಂಡು, ಇನ್ನೂ ಉರಿಯುತ್ತಿದ್ದ ಕೆಂಪು ದೀಪದ ಮೇಲೆ ಹೆಬ್ಬೆರಳಿನಿಂದ ಒತ್ತಿದರು. "ಒಂದು ನಡೀತಿದೆಯಲ್ಲ, ಸಾಕು ಬಿಡು."

ಅವಳು ಟೇಪನ್ನು ಕಿತ್ತು, ಅವರ ಕೊರಳಲ್ಲಿ ತೂಗುತ್ತಿದ್ದ ಗುರುತಿನ ಚೀಟಿಯಲ್ಲಿ ನಗುತ್ತಿದ್ದ ಮುಖದ ಮೇಲೆ ನೀಟಾಗಿ ಅಂಟಿಸಿದಳು.

"ಕೆಟ್ಟಿದ್ದನ್ನ ಮುಚ್ಚೋದೇ ಆದ್ರೆ, ಇಲ್ಲಿಂದ ಶುರು ಮಾಡೋಣ ಸಾರ್."