ವಿಭೂತಿಯ ಬೆರಳು

ವಾರ್ಡಿನ ಬಾಗಿಲಲ್ಲಿ ನರ್ಸ್ ಗೀತಾಂಜಲಿ ತಡೆದಾಗ, ಶಿವಬಸವ್ವ ಗಂಟಲಿಗೆ ಬಂದ ಕೆಮ್ಮನ್ನು ನುಂಗಿಕೊಂಡಳು.

“ಅಜ್ಜಿ, ಕೆಮ್ಮು, ನೆಗಡಿ ಏನರ ಐತೇನ್ರಿ? ಖರೆ ಹೇಳ್ರಿ. ಒಳಗ ಇಬ್ಬರಿಗೆ ವೈರಸ್ ತಗಲೈತಿ. ಕ್ಯಾನ್ಸರ್ ಔಷಧ ತಗೊಂಡ ನಿಮ್ಮ ಮೊಮ್ಮಗಳು ಅದನ್ನ ತಡಕೊಳ್ಳಂಗಿಲ್ಲ.”

“ಗಟ್ಟಿ ಅದೀನವ್ವಾ. ಬಾದಾಮಿಯಿಂದ ಬಸ್ಸಿನ್ಯಾಗ ನಿಂತ ಬಂದೇನಿ.”

ಗೀತಾಂಜಲಿ ಮಾಸ್ಕ್ ಕೊಟ್ಟು ದಾರಿ ಬಿಟ್ಟಳು. ಎದುರಿನ ಹಾಸಿಗೆಯಲ್ಲಿದ್ದ ಐಶ್ವರ್ಯ ಅಜ್ಜಿಯನ್ನು ಕಂಡದ್ದೇ, ದಿನವೂ ಶಾಲೆಗೆ ಹೊರಡುವಾಗ ಮಾಡುತ್ತಿದ್ದಂತೆ ಕಣ್ಣು ಮುಚ್ಚಿ ಹಣೆಯೊಡ್ಡಿದಳು. ತಲೆಯ ಮೇಲೆ ಒಂದು ಕೂದಲೂ ಇರಲಿಲ್ಲ. ಶಿವಬಸವ್ವ ಸಂಚಿಯೊಳಗಿನ ವಿಭೂತಿಗೆ ಮೂರು ಬೆರಳು ಒತ್ತಿದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮೂಗು ಒರೆಸಿಕೊಂಡದ್ದು ಅವೇ ಬೆರಳುಗಳಿಂದ.

ಹೊಸ್ತಿಲು ದಾಟಿದ್ದ ಕಾಲನ್ನು ಅವಳು ಹಿಂದಕ್ಕೆ ತೆಗೆದಳು.

“ನಾ ಸುಳ್ಳ ಹೇಳಿದೆನವ್ವಾ. ಬಾಗಿಲಾ ಹಾಕಿಬಿಡು.”

ಒಳಗೆ ಐಶ್ವರ್ಯ ಇನ್ನೂ ಕಣ್ಣು ಮುಚ್ಚಿಕೊಂಡೇ ಇದ್ದಳು.