ನೀಲಿ ದಾರದ ರೀಲು

ಗೊರಕೆ ಕೇಳಿಸುತ್ತಿಲ್ಲ ಎಂದು ಹೊಳೆದದ್ದೇ ತಡ, ಗಂಡನ ಪ್ಯಾಂಟಿನ ಸೊಂಟ ಚಿಕ್ಕದು ಮಾಡುತ್ತಿದ್ದ ಟೈಲರನ ಹೆಂಡತಿ ಹೊಲಿಗೆ ಮಷಿನ್ ನಿಲ್ಲಿಸಿ, ನೀಲಿ ದಾರದ ರೀಲನ್ನು ಬೀಸಿ ಒಗೆದಳು. ಕಟಿಂಗ್ ಟೇಬಲ್ಲಿನ ಮೇಲೆ ಮಧ್ಯಾಹ್ನದ ನಿದ್ದೆಯಲ್ಲಿದ್ದ ಅವನ ಹೊಟ್ಟೆಗೆ ಅದು ಬೀಳಬೇಕಿತ್ತು. ಅವಳ ಕೈ ಹಳೆಯ ಗುರಿಯನ್ನೇ ನೆನಪಿಟ್ಟುಕೊಂಡಿತ್ತು. ಹೊಟ್ಟೆ ಮಾತ್ರ ಆ ಎತ್ತರದಲ್ಲಿರಲಿಲ್ಲ. ರೀಲು ಅವನ ಮೇಲಿಂದ ಹಾರಿ ಗೋಡೆಗೆ ಬಡಿಯಿತು.

ಆ ರೀಲಿನಿಂದ ಅವಳು ಒಂದು ಗುಂಡಿಯನ್ನೂ ಹೊಲಿದಿರಲಿಲ್ಲ. ನಿದ್ದೆಯಲ್ಲಿ ಅವನ ಉಸಿರು ಕಟ್ಟಿದಾಗಲೆಲ್ಲ ಹೊಡೆದು ಎಬ್ಬಿಸಲೆಂದೇ ಪಕ್ಕದಲ್ಲಿಟ್ಟುಕೊಂಡಿದ್ದಳು. ಕುತ್ತಿಗೆಯ ಕೊಬ್ಬು ಉಸಿರಿನ ದಾರಿಯನ್ನು ಒತ್ತುತ್ತಿದೆ, ಊಟ ಕಡಿಮೆ ಮಾಡಿ ತೂಕ ಇಳಿಸಿದರೆ ಸಡಿಲವಾಗಬಹುದು ಎಂದು ಡಾಕ್ಟರು ಹೇಳಿದಂದಿನಿಂದ ಅವನು ತಟ್ಟೆ ಅರ್ಧ ತುಂಬುವಷ್ಟರಲ್ಲೇ ಕೈ ಅಡ್ಡ ಹಿಡಿಯುತ್ತಿದ್ದ.

ಸದ್ದಿಗೆ ಅವನು ಒಂದು ಕಣ್ಣು ತೆರೆದ. "ಏನೇ, ಉಸಿರಾಡ್ತಾನೇ ಇದ್ದೀನಲ್ಲ!"

"ಇಷ್ಟು ಮೆತ್ತಗೆ ಉಸಿರಾಡಿದ್ರೆ ನಂಗೆ ಹೇಗ್ರೀ ಗೊತ್ತಾಗ್ಬೇಕು?" ಎಂದು ಗದರಿ ಅವಳು ಬಳಿಗೆ ಹೋಗುವಷ್ಟರಲ್ಲಿ ಅವನಿಗೆ ಮತ್ತೆ ನಿದ್ದೆ ಹತ್ತಿತ್ತು. ಮೂಗಿನ ಬಳಿ ಅಂಗೈ ಹಿಡಿದಳು. ಉಸಿರು ಬೆಚ್ಚಗೆ, ಎಲ್ಲೂ ತಡೆಯದೆ ಬಂದುಹೋಗುತ್ತಿತ್ತು.

ಗೋಡೆಯ ಬುಡದಲ್ಲಿದ್ದ ರೀಲನ್ನು ಎತ್ತಿಕೊಂಡಳು. ಧೂಳು ಊದಿ, ಮಷಿನ್ನಿಗೆ ಸಿಕ್ಕಿಸಿ, ಸೂಜಿಗೆ ಆ ನೀಲಿ ದಾರವನ್ನೇ ಪೋಣಿಸಿ, ಅವನ ಪ್ಯಾಂಟಿನ ಸೊಂಟಕ್ಕೆ ಹೊಲಿಗೆ ಹಾಕತೊಡಗಿದಳು.